ಸಾಲನ್ನು ಆಯುವ ವಿದ್ಯೆ: ಶೆಲ್ ಆಜ್ಞೆಗಳೂ ಕನ್ನಡ ಪಠ್ಯವೂ

ಶಾಸನ ಸಂಪುಟಗಳನ್ನು ತೆರೆದು ನೋಡಿದವರಿಗೆ ಅಲ್ಲಿನ ಮುದ್ರಣಕ್ರಮ ಪರಿಚಿತವಾದುದು. ಕಲ್ಲಿನ ಮೇಲೆ ಸಾಲು ಎಲ್ಲಿ ಮುರಿದಿದೆಯೋ ಪುಟದಲ್ಲಿಯೂ ಅಲ್ಲಿಯೇ ಮುರಿದು, ಸಾಲುಗಳಿಗೆ ಸಂಖ್ಯೆ ಕೊಡುತ್ತಾರೆ. ಹಲ್ಮಿಡಿ ಶಾಸನಕ್ಕೆ ಹದಿನಾರು ಸಾಲುಗಳಿವೆ ಎಂದು ನಾವು ಹೇಳುವುದು ಈ ಕ್ರಮದಿಂದಲೇ. ಸಂಶೋಧಕನು ಒಂದು ಪದವನ್ನು ಉದಾಹರಿಸುವಾಗ ಶಾಸನದ ಹೆಸರಿನೊಡನೆ ಸಾಲಿನ ಸಂಖ್ಯೆಯನ್ನೂ ಕೊಡುತ್ತಾನೆ. ಓದುಗನು ಆ ಸಾಲಿಗೆ ಹೋಗಿ ಮಾತು ನಿಜವೋ ಅಲ್ಲವೋ ಎಂದು ಪರೀಕ್ಷಿಸಬಹುದು. ಸಾಲನ್ನು ಆಯುವುದು, ಆಯ್ದ ಸಾಲಿಗೆ ವಿಳಾಸ ಕೊಡುವುದು, ಇವೆರಡೂ ಪಠ್ಯಾಧ್ಯಯನದ ಮೊದಲ ಕೆಲಸಗಳು.

ನಿಘಂಟುಕಾರರೂ ಇದನ್ನೇ ಮಾಡಿದರು. ಎಂಟು ಸಂಪುಟಗಳ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನಂಥ ಕೃತಿಯ ಹಿಂದೆ ಗ್ರಂಥ ಗ್ರಂಥಗಳಿಂದ, ಶಾಸನ ಶಾಸನಗಳಿಂದ ಪ್ರಯೋಗವಿರುವ ಸಾಲುಗಳನ್ನು ಆಯ್ದು ಬರೆದುಕೊಂಡ ಶ್ರಮವಿದೆ. ಇಂದು ಅದೇ ಪಠ್ಯ ಗಣಕದೊಳಗೆ ಬಂದಿದೆ. ಸಾಲನ್ನು ಆಯುವ ಕೆಲಸವನ್ನು ಶೆಲ್ ಎಂಬ ಸರಳ ಸಾಧನ ಕ್ಷಣದಲ್ಲಿ ಮಾಡಿಕೊಡುತ್ತದೆ. ಆದರೆ ಅದು ಕೊಟ್ಟ ಉತ್ತರವನ್ನು ಎಷ್ಟು ನಂಬಬೇಕು ಎಂಬುದನ್ನು ಕನ್ನಡ ಬಲ್ಲವನೇ ನಿರ್ಣಯಿಸಬೇಕು. ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಈ ಪಾಠವನ್ನು ಬರೆಯಲು ಕಾರಣವೇ ಅದು.

1. ಗ್ರೆಪ್ ಹುಟ್ಟಿದ ಬಗೆ

ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1969ರಿಂದ ಬೆಳೆಯತೊಡಗಿತು. ಇಂದಿನ ಲಿನಕ್ಸ್ ಅದೇ ಸಂಪ್ರದಾಯದ್ದು. ಇದರಲ್ಲಿ ಬಳಕೆದಾರನ ಆಜ್ಞೆಯನ್ನು ಓದಿ ನಡೆಸಿಕೊಡುವ ಕ್ರಮವಿಧಿಗೆ ಶೆಲ್ ಎಂದು ಹೆಸರು. ಆಜ್ಞೆಗಳನ್ನು ಒಂದು ಫೈಲಿನಲ್ಲಿ ಬರೆದಿಟ್ಟು ಒಟ್ಟಿಗೆ ನಡೆಸಿದರೆ ಅದು ಶೆಲ್ ಸ್ಕ್ರಿಪ್ಟ್.

ಸಾಲುಗಳನ್ನು ಆಯುವ ಆಜ್ಞೆಗಳಲ್ಲಿ ಪ್ರಸಿದ್ಧವಾದುದು ಗ್ರೆಪ್. ಯುನಿಕ್ಸ್ ತಂಡದಲ್ಲಿದ್ದ ಬ್ರಯನ್ ಕರ್ನಿಗನ್ ಇದರ ಹುಟ್ಟನ್ನು ಹೀಗೆ ವಿವರಿಸಿದ್ದಾರೆ: ಅವರ ಸಹೋದ್ಯೋಗಿ ಲೀ ಮೆಕ್‌ಮಹನ್ ಅವರಿಗೆ ‘ಫೆಡರಲಿಸ್ಟ್’ ಪ್ರಬಂಧಗಳ ಕರ್ತೃತ್ವವನ್ನು ಪರಿಶೀಲಿಸುವ ಆಸಕ್ತಿ ಇತ್ತು. ಆ ಪಠ್ಯ ಅಂದಿನ ‘ಇಡಿ’ ಎಂಬ ಸಂಪಾದನ ತಂತ್ರಾಂಶಕ್ಕೆ ಹಿಡಿಸಲಾರದಷ್ಟು ದೊಡ್ಡದಾಗಿತ್ತು. ಆಗ ಕೆನ್ ಥಾಮ್ಸನ್ ಆ ತಂತ್ರಾಂಶದಿಂದ ಹುಡುಕುವ ಭಾಗವನ್ನಷ್ಟೇ ಬೇರ್ಪಡಿಸಿ ಸ್ವತಂತ್ರ ಆಜ್ಞೆಯನ್ನಾಗಿ ಮಾಡಿದರು. ಗ್ರೆಪ್ 1973ರಲ್ಲಿ ಯುನಿಕ್ಸ್‌ನ ಭಾಗವಾಯಿತು. ಮುಂದೆ ಮೆಕ್‌ಮಹನ್ ಅವರೇ ಸೆಡ್ ಎಂಬ ಇನ್ನೊಂದು ಆಜ್ಞೆಯನ್ನು ರಚಿಸಿದರು. 1977ರಲ್ಲಿ ಆಹೋ, ವೈನ್‌ಬರ್ಗರ್ ಮತ್ತು ಕರ್ನಿಗನ್ ಅವರ ಹೆಸರುಗಳ ಮೊದಲಕ್ಷರ ಸೇರಿ ಆಕ್ ಬಂದಿತು.

‘ಫೆಡರಲಿಸ್ಟ್’ ಎಂಬುದು 1787-88ರಲ್ಲಿ ಅಮೆರಿಕದ ಸಂವಿಧಾನವನ್ನು ಸಮರ್ಥಿಸಿ ಪ್ರಕಟವಾದ 85 ಪ್ರಬಂಧಗಳ ಸಂಗ್ರಹ. ಹ್ಯಾಮಿಲ್ಟನ್, ಮ್ಯಾಡಿಸನ್ ಮತ್ತು ಜೇ ಮೂವರೂ ಒಂದೇ ಗುಪ್ತನಾಮದಲ್ಲಿ ಬರೆದುದರಿಂದ ಹನ್ನೆರಡು ಪ್ರಬಂಧಗಳ ಕರ್ತೃ ಯಾರೆಂಬ ವಿವಾದ ಉಳಿಯಿತು. 1964ರಲ್ಲಿ ಮಾಸ್ಟೆಲರ್ ಮತ್ತು ವಾಲೇಸ್ ಎಂಬ ವಿದ್ವಾಂಸರು ಸಣ್ಣ ಸಣ್ಣ ಪದಗಳ ಬಳಕೆಯನ್ನು ಎಣಿಸಿ, ಅವು ಮ್ಯಾಡಿಸನ್ ಅವರ ಬರಹಗಳೆಂದು ವಾದಿಸಿದರು. ‘ಕವಿರಾಜಮಾರ್ಗ’ದ ಕರ್ತೃ ನೃಪತುಂಗನೋ ಶ್ರೀವಿಜಯನೋ ಎಂಬ ಚರ್ಚೆಯನ್ನು ಓದಿರುವ ನಮಗೆ ಈ ಬಗೆಯ ಪ್ರಶ್ನೆ ಹೊಸದಲ್ಲ. ಗ್ರೆಪ್ ಹುಟ್ಟಿದ್ದು ಯಂತ್ರಶಾಸ್ತ್ರದ ಅಗತ್ಯದಿಂದಲ್ಲ, ಗ್ರಂಥಕರ್ತೃವನ್ನು ಹುಡುಕುವ ಸಾಹಿತ್ಯಜಿಜ್ಞಾಸೆಯಿಂದ ಎಂಬುದನ್ನು ನೆನಪಿಡಬೇಕು.

2. ನಮ್ಮ ಉದಾಹರಣೆಯ ಫೈಲು

ಅಭ್ಯಾಸಕ್ಕಾಗಿ ನಮ್ಮ ಸುತ್ತಿನ ಹದಿನಾರು ಊರುಗಳ ಹೆಸರುಗಳನ್ನು ಸಾಲಿಗೆ ಒಂದರಂತೆ ಬರೆದು, ಆ ಫೈಲಿಗೆ ‘ಊರುಗಳು’ ಎಂದೇ ಹೆಸರಿಡೋಣ. ಲಿನಕ್ಸ್‌ನಲ್ಲಿ ಫೈಲಿನ ಹೆಸರು ಕನ್ನಡದಲ್ಲಿರಲು ಅಡ್ಡಿಯಿಲ್ಲ. ಸಂಖ್ಯೆಗಳು ಫೈಲಿನಲ್ಲಿ ಇರುವುದಿಲ್ಲ. ಇಲ್ಲಿ ವಿವರಣೆಗಾಗಿ ಮಾತ್ರ ಕೊಟ್ಟಿದೆ.

1 ಹೊಸೂರು
2 ಮತ್ತಿಗಿರಿ
3 ಬಾಗಲೂರು
4 ಬೇರಿಕೆ
5 ಶೂಲಗಿರಿ
6 ಕೆಲಮಂಗಲ
7 ತಳಿ
8 ಜವಳಗಿರಿ
9 ಡೆಂಕಣಿಕೋಟೆ
10 ಅಂಚೆಟ್ಟಿ
11 ರಾಯಕೋಟೆ
12 ಉದ್ದನಪಳ್ಳಿ
13 ವೇಪನಪಳ್ಳಿ
14 ಬರಗೂರು
15 ಕೃಷ್ಣಗಿರಿ
16 ಕಾವೇರಿಪಟ್ಟಣ

ಇಲ್ಲಿ ಆಜ್ಞೆಗಳನ್ನು ಉಚ್ಚಾರಣೆಗೆ ಅನುಗುಣವಾಗಿ ಕನ್ನಡ ಲಿಪಿಯಲ್ಲಿ ಬರೆದಿದೆ. ಗಣಕದಲ್ಲಿ ಆಜ್ಞೆಯ ಹೆಸರನ್ನೂ ಅಡ್ಡಗೆರೆಯ ನಂತರದ ಅಕ್ಷರವನ್ನೂ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಒತ್ತಬೇಕು: ಗ್ರೆಪ್ ಎಂಬುದು ಜಿ-ಆರ್-ಇ-ಪಿ, ಸೆಡ್ ಎಂಬುದು ಎಸ್-ಇ-ಡಿ, ಆಕ್ ಎಂಬುದು ಎ-ಡಬ್ಲ್ಯೂ-ಕೆ. ಫೈಲಿನ ಹೆಸರನ್ನೂ ಹುಡುಕುವ ಪದವನ್ನೂ ಕನ್ನಡದಲ್ಲಿಯೇ ಒತ್ತಬೇಕು. ಪ್ರಯೋಗಾಲಯದ ಲಿನಕ್ಸ್ ಗಣಕ ದೊರೆಯದಿದ್ದರೆ ಆಂಡ್ರಾಯ್ಡ್ ಫೋನಿನಲ್ಲಿ ಟರ್ಮಕ್ಸ್ ಎಂಬ ಆ್ಯಪ್ ಹಾಕಿಕೊಂಡೂ ಅಭ್ಯಾಸ ಮಾಡಬಹುದು.

3. ಸಂಖ್ಯೆಯಿಂದ ಆಯುವುದು

ಆಯ್ಕೆಯ ಮೊದಲ ಬಗೆ ಸ್ಥಾನವನ್ನು ಹೇಳುವುದು. ಮೊದಲ ಐದು ಸಾಲುಗಳು ಬೇಕಾದರೆ ಹೆಡ್, ಕೊನೆಯ ಮೂರು ಬೇಕಾದರೆ ಟೇಲ್:

ಹೆಡ್ -ಎನ್ 5 ಊರುಗಳು
ಟೇಲ್ -ಎನ್ 3 ಊರುಗಳು

ನಡುವಿನ ಸಾಲುಗಳಿಗೆ ಸೆಡ್ ಅನುಕೂಲ. ಐದನೆಯ ಸಾಲು ಮಾತ್ರ, ಅಥವಾ ಒಂಬತ್ತರಿಂದ ಹನ್ನೆರಡರವರೆಗಿನ ಸಾಲುಗಳು:

ಸೆಡ್ -ಎನ್ '5ಪಿ' ಊರುಗಳು
ಸೆಡ್ -ಎನ್ '9,12ಪಿ' ಊರುಗಳು

ಸೆಡ್ ತಾನಾಗಿಯೇ ಎಲ್ಲ ಸಾಲುಗಳನ್ನೂ ಮುದ್ರಿಸುವ ಸ್ವಭಾವದ್ದು. ‘-ಎನ್’ ಎಂದರೆ ಸುಮ್ಮನಿರು ಎಂದರ್ಥ. ‘ಪಿ’ ಎಂದರೆ ಹೇಳಿದ ಸಾಲನ್ನು ಮುದ್ರಿಸು. ಮೊದಲ ಆಜ್ಞೆಗೆ ‘ಶೂಲಗಿರಿ’ ಎಂಬ ಉತ್ತರ ಬರುತ್ತದೆ.

ಒಂದು ಆಜ್ಞೆಯ ಫಲಿತವನ್ನು, ಅಂದರೆ ಔಟ್‌ಪುಟ್ಟನ್ನು, ಇನ್ನೊಂದು ಆಜ್ಞೆಗೆ ಉಣಿಸುವುದಕ್ಕೆ ಪೈಪ್ ಎನ್ನುತ್ತಾರೆ. ಅದರ ಚಿಹ್ನೆ ಲಂಬವಾದ ಒಂದು ಗೆರೆ. ಗದ್ದೆಯಿಂದ ಗದ್ದೆಗೆ ನೀರು ಹರಿಯುವಂತೆ ಸಾಲುಗಳು ಒಂದು ಆಜ್ಞೆಯಿಂದ ಇನ್ನೊಂದಕ್ಕೆ ಹರಿಯುತ್ತವೆ:

ಹೆಡ್ -ಎನ್ 12 ಊರುಗಳು | ಟೇಲ್ -ಎನ್ 4

ಮೊದಲ ಹನ್ನೆರಡು ಸಾಲುಗಳಲ್ಲಿ ಕೊನೆಯ ನಾಲ್ಕು ಎಂದರೆ ಮತ್ತೆ ಒಂಬತ್ತರಿಂದ ಹನ್ನೆರಡೇ.

ಈ ವಿಧಾನ ಸುಲಭ, ಆದರೆ ದುರ್ಬಲ. ಪಟ್ಟಿಯ ತಲೆಗೆ ‘ಪೋಚಂಪಳ್ಳಿ’ ಎಂಬ ಒಂದು ಹೆಸರನ್ನು ಸೇರಿಸಿದರೆ ಸಾಕು, ಐದನೆಯ ಸಾಲು ಶೂಲಗಿರಿಯಾಗಿ ಉಳಿಯದೆ ಬೇರಿಕೆಯಾಗುತ್ತದೆ. ಅಕಾರಾದಿಯಾಗಿ ಜೋಡಿಸಿದರೆ ಎಲ್ಲ ಸಂಖ್ಯೆಗಳೂ ಬದಲಾಗುತ್ತವೆ. ಆಜ್ಞೆ ಮಾತ್ರ ಯಾವ ಎಚ್ಚರಿಕೆಯನ್ನೂ ಕೊಡದೆ ತಪ್ಪು ಸಾಲನ್ನು ಅಷ್ಟೇ ವಿಶ್ವಾಸದಿಂದ ನೀಡುತ್ತದೆ. ಕಲ್ಲಿನ ಸಾಲು ಕದಲುವುದಿಲ್ಲ, ಆದ್ದರಿಂದ ಶಾಸನಕ್ಕೆ ಸಾಲಿನ ಸಂಖ್ಯೆ ನಂಬಿಕೆಯ ವಿಳಾಸ. ಫೈಲಿನ ಸಾಲು ತಿದ್ದುಪಡಿಯೊಂದಿಗೆ ಕದಲುತ್ತದೆ. ಆಜ್ಞೆಯ ಫಲಿತದ ಸಾಲು ಆಜ್ಞೆಯನ್ನು ನಡೆಸಿದಾಗಲೆಲ್ಲ ಕದಲಬಹುದು.

ಇದಕ್ಕೆ ಒಳ್ಳೆಯ ನಿದರ್ಶನ ಪದಗಳನ್ನು ಎಣಿಸುವ ಡಬ್ಲ್ಯೂಸಿ. ಕ್ಷೇತ್ರಕಾರ್ಯದಲ್ಲಿ ಬರೆದುಕೊಂಡ ಜನಪದ ಗೀತೆಗಳನ್ನು ‘ಹಾಡು-1’, ‘ಹಾಡು-2’ ಎಂದು ಬೇರೆ ಬೇರೆ ಫೈಲುಗಳಲ್ಲಿ ಇಟ್ಟಿದ್ದೀರಿ ಎನ್ನೋಣ. ಅತಿ ದೀರ್ಘವಾದ ಹಾಡು ಯಾವುದೆಂದು ತಿಳಿಯಲು ಪ್ರತಿ ಫೈಲಿನ ಪದಗಳನ್ನು ಎಣಿಸಿ, ಸಂಖ್ಯೆಯ ಕ್ರಮದಲ್ಲಿ ಜೋಡಿಸಿ, ಕೊನೆಯ ಸಾಲನ್ನು ಆಯ್ದರೆ ಆಯಿತು ಎನಿಸುತ್ತದೆ:

ಡಬ್ಲ್ಯೂಸಿ -ಡಬ್ಲ್ಯೂ ಹಾಡು-* | ಸಾರ್ಟ್ -ಎನ್ | ಟೇಲ್ -ಎನ್ 1

ಬರುವ ಉತ್ತರ ಯಾವ ಹಾಡೂ ಅಲ್ಲ. ಒಂದಕ್ಕಿಂತ ಹೆಚ್ಚು ಫೈಲುಗಳಿದ್ದರೆ ಡಬ್ಲ್ಯೂಸಿ ತನ್ನ ಫಲಿತದ ಕೊನೆಯಲ್ಲಿ ‘ಟೋಟಲ್’ ಎಂಬ ಮೊತ್ತದ ಸಾಲನ್ನು ಸೇರಿಸುತ್ತದೆ. ಎಲ್ಲಕ್ಕಿಂತ ದೊಡ್ಡ ಸಂಖ್ಯೆ ಅದೇ ಆದುದರಿಂದ ಜೋಡಣೆಯ ನಂತರವೂ ಅದೇ ಕೊನೆಗೆ ನಿಲ್ಲುತ್ತದೆ. ಹಾಗಾದರೆ ಕೊನೆಯಿಂದ ಎರಡನೆಯದನ್ನು ಆಯೋಣ ಎಂದರೆ, ಫೈಲು ಒಂದೇ ಇದ್ದಾಗ ಮೊತ್ತದ ಸಾಲೇ ಇರುವುದಿಲ್ಲ. ಇಲ್ಲಿ ಕೇಳಬೇಕಾದುದು ಸಾಲು ಎಷ್ಟನೆಯದು ಎಂದಲ್ಲ, ಸಾಲು ಎಂಥದು ಎಂದು. ‘ಟೋಟಲ್’ ಎಂದು ಕೊನೆಗೊಳ್ಳುವ ಸಾಲನ್ನು ಬಿಟ್ಟು ಉಳಿದುದನ್ನು ಜೋಡಿಸು ಎನ್ನುವುದೇ ಸರಿಯಾದ ಆಜ್ಞೆ. ಹಾಗೆ ಬಿಡಿಸುವ ಕೆಲಸ ಗ್ರೆಪ್‌ನದು. ‘-ವಿ’ ಎಂದರೆ ಈ ಗುರುತಿಲ್ಲದ ಸಾಲುಗಳು ಎಂದರ್ಥ.

4. ಗುರುತಿನಿಂದ ಆಯುವುದು

ಆಯ್ಕೆಯ ಎರಡನೆಯ ಬಗೆ ಸಾಲಿನಲ್ಲಿರುವ ಗುರುತನ್ನು ಹೇಳುವುದು:

ಗ್ರೆಪ್ -ಎನ್ 'ಗಿರಿ$' ಊರುಗಳು

ಡಾಲರ್ ಚಿಹ್ನೆ ಸಾಲಿನ ಕೊನೆಯನ್ನು ಸೂಚಿಸುತ್ತದೆ. ಸಾಲಿನ ಆರಂಭಕ್ಕೆ ಟೋಪಿಯಾಕಾರದ ^ ಚಿಹ್ನೆ. ಇಲ್ಲಿ ‘-ಎನ್’ ಎಂದರೆ ಸಾಲಿನ ಸಂಖ್ಯೆಯನ್ನೂ ಕೊಡು ಎಂದರ್ಥ. ಸೆಡ್‌ನಲ್ಲಿ ಅದೇ ಅಕ್ಷರಕ್ಕೆ ಬೇರೆ ಅರ್ಥವಿತ್ತು ಎಂಬುದನ್ನು ಗಮನಿಸಿ. ಮತ್ತಿಗಿರಿ, ಶೂಲಗಿರಿ, ಜವಳಗಿರಿ, ಕೃಷ್ಣಗಿರಿ ಎಂಬ ನಾಲ್ಕು ಸಾಲುಗಳು 2, 5, 8, 15 ಎಂಬ ಸಂಖ್ಯೆಗಳೊಡನೆ ಬರುತ್ತವೆ. ಪಟ್ಟಿಗೆ ಎಷ್ಟು ಹೆಸರು ಸೇರಿಸಿದರೂ ಈ ಆಜ್ಞೆಯ ಅರ್ಥ ಕೆಡುವುದಿಲ್ಲ. ಗುರುತನ್ನು ಸುತ್ತುವರಿದ ಒಂಟಿ ಉದ್ಧರಣ ಚಿಹ್ನೆಗಳನ್ನು ಬಿಡಬಾರದು. ಡಾಲರ್ ಚಿಹ್ನೆಗೆ ಶೆಲ್‌ನಲ್ಲಿ ಬೇರೆ ಅರ್ಥವೂ ಇರುವುದರಿಂದ ಅದನ್ನು ಹೀಗೆ ಕಾಪಾಡಬೇಕು.

ಎರಡು ಗುರುತುಗಳ ನಡುವಿನ ಭಾಗ ಬೇಕಾದರೆ ಸೆಡ್‌ಗೆ ಸಂಖ್ಯೆಗಳ ಬದಲು ಗುರುತುಗಳನ್ನೇ ಕೊಡಬಹುದು:

ಸೆಡ್ -ಎನ್ '/ಶೂಲಗಿರಿ/,/ಅಂಚೆಟ್ಟಿ/ಪಿ' ಊರುಗಳು

ಶೂಲಗಿರಿಯಿಂದ ಅಂಚೆಟ್ಟಿಯವರೆಗಿನ ಆರು ಸಾಲುಗಳು ಬರುತ್ತವೆ. ಎರಡನೆಯ ಗುರುತು ಸಿಗದಿದ್ದರೆ ಸೆಡ್ ಫೈಲಿನ ಕೊನೆಯವರೆಗೂ ಮುದ್ರಿಸಿಬಿಡುತ್ತದೆ ಎಂಬ ಎಚ್ಚರ ಇರಲಿ.

ಗುರುತಿನ ಅಳತೆ ಎಷ್ಟಿರಬೇಕು? ವಚನಗಳ ಅಂಕಿತ ಇದಕ್ಕೆ ಉತ್ತಮ ಉದಾಹರಣೆ. ಸಾಲಿಗೆ ಒಂದು ವಚನದಂತೆ ಬರೆದ ಫೈಲಿನಲ್ಲಿ ಬಸವಣ್ಣನವರ ವಚನಗಳನ್ನು ಆಯಲು ‘ಕೂಡಲಸಂಗಮದೇವ’ ಎಂಬುದನ್ನು ಗುರುತಾಗಿ ಕೊಟ್ಟರೆ ‘ಕೂಡಲಸಂಗಯ್ಯ’ ಎಂದಿರುವ ವಚನಗಳು ತಪ್ಪಿಹೋಗುತ್ತವೆ. ಗುರುತನ್ನು ಬರಿಯ ‘ಕೂಡಲ’ ಎಂದು ಹಿಗ್ಗಿಸಿದರೆ ‘ಕೂಡಲಚೆನ್ನಸಂಗಮದೇವ’ ಎಂಬ ಅಂಕಿತದ ಚೆನ್ನಬಸವಣ್ಣನವರ ವಚನಗಳೂ ಬೆರೆತುಬಿಡುತ್ತವೆ. ‘ಕೂಡಲಸಂಗ’ ಎಂಬುದು ಎರಡು ದೋಷಗಳನ್ನೂ ತಪ್ಪಿಸುತ್ತದೆ. ಗುರುತು ಅತಿ ಬಿಗಿಯಾದರೆ ನಷ್ಟ, ಅತಿ ಸಡಿಲವಾದರೆ ಬೆರಕೆ. ನಡುವಿನ ಅಳತೆಯನ್ನು ಕಂಡುಕೊಳ್ಳಲು ವಚನಸಾಹಿತ್ಯದ ತಿಳಿವಳಿಕೆ ಬೇಕೇ ಹೊರತು ಗಣಕದ ತಿಳಿವಳಿಕೆಯಲ್ಲ.

ಒಂದು ವಚನ ಹಲವು ಸಾಲುಗಳಲ್ಲಿ ಹರಡಿದ್ದರೆ ಗ್ರೆಪ್ ಅಂಕಿತವಿರುವ ಕೊನೆಯ ಸಾಲನ್ನು ಮಾತ್ರ ಕೊಡುತ್ತದೆ. ವಚನ ವಚನಗಳ ನಡುವೆ ಒಂದು ಖಾಲಿ ಸಾಲು ಬಿಟ್ಟು ಬರೆದಿದ್ದರೆ ಆಕ್‌ಗೆ ಖಾಲಿ ಸಾಲನ್ನೇ ಗಡಿಯಾಗಿ ಭಾವಿಸೆಂದು ಹೇಳಬಹುದು. ಈ ಆಜ್ಞೆಯಲ್ಲಿ ‘ಆರ್‌ಎಸ್’ ಮಾತ್ರ ದೊಡ್ಡಕ್ಷರಗಳಲ್ಲಿರಬೇಕು:

ಆಕ್ -ವಿ ಆರ್‌ಎಸ್= '/ಗುಹೇಶ್ವರ/' ವಚನಗಳು

ಆಗ ಅಲ್ಲಮಪ್ರಭುವಿನ ಅಂಕಿತವಿರುವ ವಚನಗಳು ಇಡಿಯಾಗಿ ಬರುತ್ತವೆ. ಇನ್ನು ‘ಗ್ರೆಪ್ -ಸಿ’ ಎಂಬುದು ಗುರುತಿರುವ ಸಾಲುಗಳನ್ನು ಎಣಿಸುತ್ತದೆ, ಪ್ರಯೋಗಗಳನ್ನಲ್ಲ. ಒಂದು ಸಾಲಿನಲ್ಲಿ ಪದ ಎರಡು ಸಲ ಬಂದರೂ ಎಣಿಕೆ ಒಂದೇ. ಪ್ರಯೋಗಗಳ ಸಂಖ್ಯೆಯೇ ಬೇಕಾದರೆ ‘-ಓ’ ಎಂದು ಕೊಟ್ಟು, ಪ್ರತಿ ಪ್ರಯೋಗವನ್ನೂ ಬೇರೆ ಸಾಲಾಗಿ ಬಿಡಿಸಿ, ಆ ಫಲಿತವನ್ನು ‘ಡಬ್ಲ್ಯೂಸಿ -ಎಲ್’ ಆಜ್ಞೆಗೆ ಹರಿಸಬೇಕು.

5. ‘ಹೊಸೂರು’ ಕಲಿಸುವ ಪಾಠ

ಈಗ ‘ಊರು’ ಎಂದು ಕೊನೆಗೊಳ್ಳುವ ಹೆಸರುಗಳನ್ನು ಆಯೋಣ:

ಗ್ರೆಪ್ 'ಊರು$' ಊರುಗಳು

ಫಲಿತ ಶೂನ್ಯ. ಹೊಸೂರು, ಬಾಗಲೂರು, ಬರಗೂರು ಮೂರೂ ಕಣ್ಣೆದುರಿಗಿವೆ, ಆದರೂ ಒಂದೂ ಬರುವುದಿಲ್ಲ. ಕಾರಣ ಕೇಶಿರಾಜನ ಶಾಸ್ತ್ರ ಓದಿದವರಿಗೆ ತಿಳಿಯದಿರದು: ಹೊಸ + ಊರು = ಹೊಸೂರು, ಇದು ಲೋಪಸಂಧಿ. ಸಂಧಿಯಾದ ಮೇಲೆ ಸ್ವತಂತ್ರ ಸ್ವರವಾದ ‘ಊ’ ಉಳಿಯುವುದಿಲ್ಲ. ಸಕಾರಕ್ಕೆ ಹತ್ತಿದ ಸ್ವರಚಿಹ್ನೆಯಾಗಿ ಮಾರ್ಪಡುತ್ತದೆ. ಯುನಿಕೋಡ್ ಕ್ರಮದಲ್ಲಿ ‘ಊ’ ಎಂಬ ಅಕ್ಷರಕ್ಕೂ ಊಕಾರದ ಚಿಹ್ನೆಗೂ ಬೇರೆ ಬೇರೆ ಸಂಕೇತಗಳಿವೆ. ಗಣಕಕ್ಕೆ ಅವು ಸಂಬಂಧವೇ ಇಲ್ಲದ ಎರಡು ವಸ್ತುಗಳು. ಆದ್ದರಿಂದ ಸರಿಯಾದ ಗುರುತು ಇದು:

ಗ್ರೆಪ್ 'ೂರು$' ಊರುಗಳು

ಸ್ವರಚಿಹ್ನೆ ಒಂಟಿಯಾಗಿ ನಿಂತಾಗ ಪರದೆಯ ಮೇಲೆ ಚುಕ್ಕಿಗಳ ವೃತ್ತದೊಡನೆ ಕಾಣಿಸಬಹುದು, ಅದು ದೋಷವಲ್ಲ. ಈಗ ಮೂರೂ ಹೆಸರುಗಳು ಬರುತ್ತವೆ. ಸಮಾಸದ ಉತ್ತರಪದ ಸ್ವರದಿಂದ ಆರಂಭವಾದಾಗಲೆಲ್ಲ ಈ ತೊಡಕು ಎದುರಾಗುತ್ತದೆ. ವ್ಯಂಜನದಿಂದ ಆರಂಭವಾಗುವ ಗಿರಿ, ಕೋಟೆಗಳಿಗೆ ಈ ತೊಡಕಿಲ್ಲ. ಆದರೆ ಆದೇಶಸಂಧಿಯಲ್ಲಿ ಕತಪಗಳಿಗೆ ಗದಬಗಳು ಬಂದಾಗ ವ್ಯಂಜನವೂ ಬದಲಾಗುವುದರಿಂದ ಅಲ್ಲಿಯೂ ಎರಡೆರಡು ರೂಪಗಳನ್ನು ಹುಡುಕಬೇಕು.

ಅಕ್ಷರ ಎಂಬ ಮಾತಿಗೂ ಗಣಕದಲ್ಲಿ ಬೇರೆ ಅರ್ಥವಿದೆ. ನಮ್ಮ ಲೆಕ್ಕದಲ್ಲಿ ‘ಹೊಸೂರು’ ಮೂರು ಅಕ್ಷರ. ಯುನಿಕೋಡ್ ಲೆಕ್ಕದಲ್ಲಿ ಮೂರು ವ್ಯಂಜನ, ಮೂರು ಸ್ವರಚಿಹ್ನೆ ಸೇರಿ ಆರು ಸಂಕೇತ. ಯುಟಿಎಫ್-8 ಎಂಬ ಬರಹಕ್ರಮದಲ್ಲಿ ಪ್ರತಿ ಕನ್ನಡ ಸಂಕೇತಕ್ಕೂ ಮೂರು ಬೈಟ್‌ಗಳಂತೆ ಒಟ್ಟು 18 ಬೈಟ್. ಗ್ರೆಪ್‌ನಲ್ಲಿ ಒಂದು ಚುಕ್ಕಿ ಯಾವುದಾದರೂ ಒಂದು ಸಂಕೇತವನ್ನು ಪ್ರತಿನಿಧಿಸುತ್ತದೆ. ಎರಡು ಅಕ್ಷರದ ಹೆಸರನ್ನು ಆಯಲು '^..$' ಎಂದು ಕೊಟ್ಟರೆ ನಮ್ಮ ಪಟ್ಟಿಯಲ್ಲಿ ಏನೂ ಸಿಗುವುದಿಲ್ಲ, '^...$' ಎಂದರೆ ‘ತಳಿ’ ಸಿಗುತ್ತದೆ, ಏಕೆಂದರೆ ತಕಾರ, ಳಕಾರ, ಇಕಾರದ ಚಿಹ್ನೆ ಸೇರಿ ಮೂರು ಸಂಕೇತ. ಛಂದಸ್ಸಿನ ಅಕ್ಷರಗಣನೆಯನ್ನು ಈ ಚುಕ್ಕಿಗಳಿಗೆ ಒಪ್ಪಿಸಲಾಗದು.

ಗಡಿನಾಡಿನವರಾದ ನಮಗೆ ಇನ್ನೊಂದು ಪದರವೂ ಇದೆ. ಇಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಬಳಕೆಯಲ್ಲಿವೆ. ಒಂದೇ ಊರಿನ ಹೆಸರು ಮೂರು ಬಗೆಯಲ್ಲಿ ಬರಹಕ್ಕೆ ಇಳಿಯುತ್ತದೆ. ಹಕಾರವಿಲ್ಲದ ತಮಿಳು ಬರಹದಿಂದ ಲಿಪ್ಯಂತರಿಸಿದ ಪಟ್ಟಿಯಲ್ಲಿ ಹೊಸೂರು ‘ಓಸೂರು’ ಆಗಿರಬಹುದು. ಪಕಾರ ಹಕಾರವಾದದ್ದು ಕನ್ನಡದ ಚರಿತ್ರೆಯ ಒಂದು ಮುಖ್ಯ ಬದಲಾವಣೆ. ಆದರೆ ನಮ್ಮ ಊರುಗಳಲ್ಲಿ ಪಳ್ಳಿ, ಹಳ್ಳಿ, ಪಲ್ಲಿ ಎಲ್ಲವೂ ಒಟ್ಟಿಗೆ ಉಳಿದಿವೆ. ಹೀಗಾಗಿ ಸ್ಥಳನಾಮಗಳನ್ನು ಆಯುವವರು ಎಲ್ಲ ರೂಪಗಳನ್ನೂ ಕೇಳಬೇಕು. ಇಲ್ಲಿ ‘-ಇ’ ಎಂಬುದನ್ನು ದೊಡ್ಡಕ್ಷರದಲ್ಲಿ ಒತ್ತಬೇಕು:

ಗ್ರೆಪ್ -ಇ '(ಪಳ್ಳಿ|ಹಳ್ಳಿ|ಪಲ್ಲಿ)$' ಊರುಗಳು

ಜಿಲ್ಲೆಯ ಹೆಸರಿನಿಂದ ದಾಖಲೆಗಳನ್ನು ಆಯುವಾಗಲೂ ಇದೇ ಎಚ್ಚರ ಬೇಕು. ಈ ಪ್ರದೇಶ ಮೊದಲು ಸೇಲಂ ಜಿಲ್ಲೆಯಲ್ಲಿತ್ತು. 1965ರಲ್ಲಿ ಧರ್ಮಪುರಿ ಜಿಲ್ಲೆಯೂ 2004ರಲ್ಲಿ ಕೃಷ್ಣಗಿರಿ ಜಿಲ್ಲೆಯೂ ರಚನೆಯಾದವು. ‘ಕೃಷ್ಣಗಿರಿ ಜಿಲ್ಲೆ’ ಎಂದಷ್ಟೇ ಹುಡುಕಿದವನಿಗೆ 2004ಕ್ಕೆ ಹಿಂದಿನ ಹೊಸೂರು ಕಾಣಿಸುವುದೇ ಇಲ್ಲ.

6. ಕಾಣದ ಕಾರಣಗಳು

ಗುರುತು ಸರಿಯಾಗಿದ್ದರೂ ಸಾಲು ಸಿಗದಿರಲು ಕಣ್ಣಿಗೆ ಬೀಳದ ಕೆಲವು ಕಾರಣಗಳಿವೆ.

ಒಂದು: ಹಳೆಯ ಫೈಲುಗಳು. ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಬರೆದ ಪಠ್ಯ ಯುನಿಕೋಡ್ ಅಲ್ಲ. ಅಕ್ಷರದ ರೂಪ ಕನ್ನಡವಾಗಿ ಕಂಡರೂ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಮತ್ತು ಚಿಹ್ನೆಗಳ ಸಂಕೇತಗಳು. ಅಂಥ ಫೈಲನ್ನು ಯುನಿಕೋಡಿಗೆ ಪರಿವರ್ತಿಸದೆ ಕನ್ನಡ ಪದವನ್ನು ಹುಡುಕಿದರೆ ಫಲವಿಲ್ಲ.

ಎರಡು: ಒಂದೇ ಅಕ್ಷರದ ಎರಡು ಬರಹ. ‘ಕೋಟೆ’ ಎಂಬಲ್ಲಿನ ಓಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಒಕಾರದ ಚಿಹ್ನೆ ಮತ್ತು ದೀರ್ಘದ ಚಿಹ್ನೆ ಎಂದು ಬಿಡಿಸಿಯೂ ಬರೆಯಬಹುದು. ಯುನಿಕೋಡ್ ಎರಡನ್ನೂ ಸಮಾನವೆನ್ನುತ್ತದೆ, ಗ್ರೆಪ್ ಬೇರೆ ಬೇರೆ ಎನ್ನುತ್ತದೆ. ಹುಡುಕುವ ಮೊದಲು ಪಠ್ಯವನ್ನು ಒಂದೇ ಕ್ರಮಕ್ಕೆ ತರಬೇಕು. ‘ಯುಕಾನ್ವ್’ ಎಂಬ ಆಜ್ಞೆ ಈ ಕೆಲಸ ಮಾಡುತ್ತದೆ. ಒತ್ತಕ್ಷರ ಮತ್ತು ಅರ್ಕಾವತ್ತುಗಳ ರೂಪವನ್ನು ನಿಯಂತ್ರಿಸಲು ಸೇರಿಸುವ ಅಗಲವಿಲ್ಲದ ಚಿಹ್ನೆಗಳೂ ಹೀಗೆಯೇ ಕಾಣದೆ ಕಾಡುತ್ತವೆ.

ಮೂರು: ಸಾಲಿನ ಕೊನೆ. ವಿಂಡೋಸ್‌ನಲ್ಲಿ ಬರೆದ ಫೈಲಿನಲ್ಲಿ ಪ್ರತಿ ಸಾಲಿನ ಅಂತ್ಯದಲ್ಲಿ ಕಾಣದ ಒಂದು ಹೆಚ್ಚುವರಿ ಸಂಕೇತವಿರಬಹುದು. ಆಗ ‘ಗಿರಿ’ ಎಂಬುದು ಸಾಲಿನ ಕೊನೆಯಲ್ಲಿದೆ ಎಂದು ನಮಗೆ ಕಂಡರೂ ಡಾಲರ್ ಚಿಹ್ನೆಗೆ ಅದು ಕೊನೆಯಲ್ಲ. ಕೊನೆಯಲ್ಲಿ ಉಳಿದ ಒಂದು ಖಾಲಿ ಜಾಗವೂ ಇದೇ ತೊಂದರೆ ಮಾಡುತ್ತದೆ.

ನಾಲ್ಕು: ಮುರಿದ ಪದ. ಶಾಸನದ ಸಾಲು ಕಲ್ಲಿನ ಅಗಲಕ್ಕೆ ತಕ್ಕಂತೆ ಮುರಿಯುತ್ತದೆ, ಪದದ ಗಡಿಗೆ ತಕ್ಕಂತೆ ಅಲ್ಲ. ಒಂದು ಪದದ ಅರ್ಧ ಮೂರನೆಯ ಸಾಲಿನಲ್ಲಿ, ಉಳಿದರ್ಧ ನಾಲ್ಕನೆಯ ಸಾಲಿನಲ್ಲಿ ಇದ್ದರೆ ಸಾಲು ಸಾಲಾಗಿ ಓದುವ ಗ್ರೆಪ್‌ಗೆ ಆ ಪದ ಕಾಣುವುದೇ ಇಲ್ಲ. ಹುಡುಕುವುದಕ್ಕೆ ಸಾಲುಗಳನ್ನು ಕೂಡಿಸಿದ ಒಂದು ಪ್ರತಿ, ಉಲ್ಲೇಖಿಸುವುದಕ್ಕೆ ಮೂಲದಂತೆ ಒಡೆದ ಇನ್ನೊಂದು ಪ್ರತಿ, ಹೀಗೆ ಎರಡನ್ನೂ ಇಟ್ಟುಕೊಳ್ಳುವುದು ಕ್ಷೇಮ.

7. ‘ಇಲ್ಲ’ ಎಂಬುದರ ಅರ್ಥ

ಈ ಪದ ಈ ಕೃತಿಯಲ್ಲಿ ಇಲ್ಲ ಎಂಬುದು ಸಂಶೋಧನೆಯಲ್ಲಿ ತೂಕದ ಮಾತು. ಕೃತಿಯ ಕಾಲ, ಕರ್ತೃ, ಪ್ರಾದೇಶಿಕತೆ ಇವುಗಳ ನಿರ್ಣಯ ಕೆಲವೊಮ್ಮೆ ಆ ಒಂದು ‘ಇಲ್ಲ’ದ ಮೇಲೆ ನಿಲ್ಲುತ್ತದೆ. ಸಿಕ್ಕ ಸಾಲನ್ನು ಓದುಗನು ಪರೀಕ್ಷಿಸಬಲ್ಲನು. ಸಿಗದ ಸಾಲನ್ನು ಪರೀಕ್ಷಿಸುವವರು ಯಾರು? ಆದ್ದರಿಂದ ಶೂನ್ಯ ಫಲಿತವನ್ನು ಎಲ್ಲಕ್ಕಿಂತ ಹೆಚ್ಚು ಅನುಮಾನದಿಂದ ನೋಡಬೇಕು.

ಗ್ರೆಪ್ ತಾನೇ ಈ ವಿವೇಕಕ್ಕೆ ಒಂದು ದಾರಿ ಮಾಡಿಕೊಟ್ಟಿದೆ. ಕೆಲಸ ಮುಗಿಸಿದ ಮೇಲೆ ಅದು ಶೆಲ್‌ಗೆ ಒಂದು ಅಂಕಿಯನ್ನು ಒಪ್ಪಿಸುತ್ತದೆ. 0 ಎಂದರೆ ಸಾಲು ಸಿಕ್ಕಿತು. 1 ಎಂದರೆ ಹುಡುಕಿದೆ, ಸಿಗಲಿಲ್ಲ. 2 ಎಂದರೆ ಹುಡುಕಲಾಗಲಿಲ್ಲ: ಫೈಲು ಇಲ್ಲ, ಓದಲು ಅನುಮತಿಯಿಲ್ಲ, ಅಥವಾ ಗುರುತೇ ಅಶುದ್ಧ. ಸಿಗದಿರುವುದಕ್ಕೂ ಹುಡುಕದಿರುವುದಕ್ಕೂ ಇರುವ ಭೇದವನ್ನು ಈ ಅಂಕಿ ಕಾಪಾಡುತ್ತದೆ. ದೋಷದ ಸಂದೇಶಗಳು ಫಲಿತದೊಡನೆ ಪೈಪಿನಲ್ಲಿ ಹರಿಯದೆ ಬೇರೆ ದಾರಿಯಲ್ಲಿ ನೇರವಾಗಿ ಪರದೆಗೆ ಬರುತ್ತವೆ. ಅವನ್ನು ಓದದೆ ಫಲಿತವನ್ನಷ್ಟೇ ನೋಡಿದವನಿಗೆ ಎರಡು ಬಗೆಯ ಶೂನ್ಯವೂ ಒಂದೇ ಆಗಿ ಕಾಣುತ್ತದೆ.

ಈ ಭೇದವನ್ನು ಬಳಸಿಕೊಂಡು ಒಂದು ಪುಟ್ಟ ಸ್ಕ್ರಿಪ್ಟನ್ನು ಬರೆದು ‘ಹುಡುಕು’ ಎಂಬ ಹೆಸರಿನಲ್ಲಿ ಉಳಿಸಬಹುದು:

ಗ್ರೆಪ್ -ಎನ್ "$1" "$2"
ಕೇಸ್ $? ಇನ್
0) ಎಕೋ "ಸಿಕ್ಕಿತು" ;;
1) ಎಕೋ "ಈ ರೂಪ ಸಿಗಲಿಲ್ಲ, ಬೇರೆ ರೂಪಗಳನ್ನು ನೋಡಿ" ;;
*) ಎಕೋ "ಹುಡುಕಲಾಗಲಿಲ್ಲ, ಫೈಲನ್ನು ಪರೀಕ್ಷಿಸಿ" ;;
ಎಸ್ಯಾಕ್

$1 ಎಂಬಲ್ಲಿ ನೀವು ಕೊಡುವ ಗುರುತು, $2 ಎಂಬಲ್ಲಿ ಫೈಲಿನ ಹೆಸರು ಬಂದು ಸೇರುತ್ತವೆ. $? ಎಂಬುದು ಗ್ರೆಪ್ ಒಪ್ಪಿಸಿದ ಅಂಕಿ. ಕೊನೆಯ ‘ಎಸ್ಯಾಕ್’ ಎಂಬುದು ‘ಕೇಸ್’ ಪದದ ಇಂಗ್ಲಿಷ್ ಅಕ್ಷರಗಳನ್ನೇ ಹಿಂದುಮುಂದಾಗಿ ಬರೆದದ್ದು. ನಡೆಸುವ ಕ್ರಮ:

ಎಸ್‌ಎಚ್ ಹುಡುಕು 'ಊರು$' ಊರುಗಳು

ಉತ್ತರವಾಗಿ ‘ಈ ರೂಪ ಸಿಗಲಿಲ್ಲ, ಬೇರೆ ರೂಪಗಳನ್ನು ನೋಡಿ’ ಎಂದು ಬರುತ್ತದೆ. ‘ಇಲ್ಲ’ ಎಂದು ಹೇಳದೆ ‘ಈ ರೂಪ ಸಿಗಲಿಲ್ಲ’ ಎಂದು ಹೇಳಿಸಿರುವುದು ಉದ್ದೇಶಪೂರ್ವಕ. ಗಣಕ ಹುಡುಕುವುದು ಪದವನ್ನಲ್ಲ, ರೂಪವನ್ನು. ರೂಪದಿಂದ ಪದಕ್ಕೆ, ಪದದಿಂದ ಅರ್ಥಕ್ಕೆ ದಾಟುವುದು ಸಂಧಿ, ಸಮಾಸ, ಧ್ವನಿಬದಲಾವಣೆಗಳನ್ನು ಬಲ್ಲ ವಿದ್ಯಾರ್ಥಿಯ ಕೆಲಸ.

ಅಭ್ಯಾಸ

1. ‘ಊರುಗಳು’ ಫೈಲಿನಲ್ಲಿ ಗಿರಿ, ಊರು, ಕೋಟೆ, ಪಳ್ಳಿ ಎಂಬ ನಾಲ್ಕು ಉತ್ತರಪದಗಳಲ್ಲಿ ಯಾವುದರಿಂದಲೂ ಕೊನೆಗೊಳ್ಳದ ಹೆಸರುಗಳನ್ನು ಒಂದೇ ಆಜ್ಞೆಯಿಂದ ಆಯಿರಿ. ಐದು ಹೆಸರುಗಳು ಬರಬೇಕು.

2. '^ಕ' ಎಂಬ ಗುರುತಿಗೆ ಕೆಲಮಂಗಲ, ಕೃಷ್ಣಗಿರಿ, ಕಾವೇರಿಪಟ್ಟಣ ಮೂರೂ ಸಿಗುತ್ತವೆ. ಅವುಗಳ ಮೊದಲ ಅಕ್ಷರ ಕೆ, ಕೃ, ಕಾ ಎಂದು ಬೇರೆ ಬೇರೆಯಾಗಿದ್ದರೂ ಹೀಗಾಗಲು ಕಾರಣವೇನು?

3. ನಿಮ್ಮ ಊರಿನ ಸುತ್ತಲಿನ ಐವತ್ತು ಸ್ಥಳನಾಮಗಳನ್ನು ಹಿರಿಯರಿಂದ ಕೇಳಿ, ಅವರು ಉಚ್ಚರಿಸಿದಂತೆಯೇ ಸಾಲಿಗೊಂದರಂತೆ ಬರೆಯಿರಿ. ಕೆರೆ, ಊರು, ಪುರ, ಕೋಟೆ, ಹಳ್ಳಿ ಎಂಬ ಉತ್ತರಪದಗಳಿಂದ ವಿಂಗಡಿಸಿ. ಯಾವ ವರ್ಗಕ್ಕೂ ಸೇರದೆ ಉಳಿದ ಹೆಸರುಗಳನ್ನು ಬೇರೆ ಫೈಲಿನಲ್ಲಿಡಿ. ಸ್ಥಳನಾಮ ಅಧ್ಯಯನಕ್ಕೆ ಹೊಸ ಪ್ರಶ್ನೆಗಳು ದೊರೆಯುವುದು ಆ ಉಳಿಕೆಯಲ್ಲಿಯೇ.

4. ನೀವು ಓದುತ್ತಿರುವ ಯಾವುದಾದರೂ ಪಠ್ಯದಲ್ಲಿ ಒಂದು ಪದಕ್ಕೆ ಗ್ರೆಪ್ 1 ಎಂಬ ಅಂಕಿಯನ್ನು ಒಪ್ಪಿಸಿದ ಸಂದರ್ಭವನ್ನು ಆರಿಸಿಕೊಳ್ಳಿ. ಆ ಪದ ನಿಜವಾಗಿಯೂ ಅಲ್ಲಿ ಇಲ್ಲವೆಂದು ಹೇಳುವ ಮೊದಲು ಪರೀಕ್ಷಿಸಬೇಕಾದ ರೂಪಗಳ ಪಟ್ಟಿಯನ್ನು ಮಾಡಿ ತರಗತಿಗೆ ತನ್ನಿ.